ಪದರಗಳನ್ನು ಬೆಳಕಿನಿಂದ ಓದಿದವರು: ಸರ್ ಸಿ.ವಿ. ರಾಮನ್

ಪ್ರತಿ ವರ್ಷ ಫೆಬ್ರವರಿ 28 ಬಂತೆಂದರೆ ಎಲ್ಲ ಕಾಲೇಜುಗಳಂತೆ ನಮ್ಮಲ್ಲೂ ರಾಷ್ಟ್ರೀಯ ವಿಜ್ಞಾನ ದಿನದ ಸಡಗರ. ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ, ರಸಪ್ರಶ್ನೆ, ಭಾಷಣ ಎಲ್ಲವೂ ನಡೆಯುತ್ತವೆ. ಸಮುದ್ರ ಏಕೆ ನೀಲಿ ಎಂದು ಕಂಡುಹಿಡಿದರು, ನೊಬೆಲ್ ಪಡೆದರು ಎಂಬಲ್ಲಿಗೆ ಭಾಷಣ ಮುಗಿಯುತ್ತದೆ. ಆದರೆ ಸಮುದ್ರ ಏಕೆ ನೀಲಿ ಎಂದು ತಿಳಿದು ಯಾರಿಗೆ ಏನು ಉಪಕಾರವಾಯಿತು? ನೀಟ್ ಮತ್ತು ಸಿಇಟಿ ಅಂಕಗಳ ಲೆಕ್ಕದಲ್ಲಿ ಮುಳುಗಿರುವ ನಮಗೆ ಈ ಪ್ರಶ್ನೆ ಬರುವುದು ಸಹಜ. ಉತ್ತರ ಸಿಗಬೇಕಾದರೆ ಅವರ ಬದುಕನ್ನು ಮೊದಲಿನಿಂದ ನೋಡಬೇಕು. ಅದರಲ್ಲಿ ಹೆಮ್ಮೆಪಡುವ ಸಂಗತಿಗಳೂ ಇವೆ, ಬೇಸರಪಡುವ ಸಂಗತಿಯೂ ಇದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯ ಸಮೀಪ ಜನಿಸಿದರು. ತಂದೆ ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು. ಮನೆ ತುಂಬ ಪುಸ್ತಕಗಳಿದ್ದವು, ಹಣವಿರಲಿಲ್ಲ. ರಾಮನ್ 11ನೇ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯ ಬಗ್ಗೆ ಅವರು ಬರೆದ ಮೊದಲ ಲೇಖನ ಲಂಡನ್ನಿನ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ನಮ್ಮ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ವಯಸ್ಸಿನ ಆಸುಪಾಸು.

ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗುವ ಆಸೆಯಿತ್ತು. ಆದರೆ ಅವರನ್ನು ಪರೀಕ್ಷಿಸಿದ ವೈದ್ಯರು, ಈ ಹುಡುಗನ ದೇಹ ಅಲ್ಲಿನ ಚಳಿಯನ್ನು ತಾಳಲಾರದು ಎಂದು ಅಭಿಪ್ರಾಯಪಟ್ಟರು. ಆ ಕಾಲದಲ್ಲಿ ಭಾರತದಲ್ಲೇ ಇದ್ದು ವಿಜ್ಞಾನಿಯಾಗಿ ಬದುಕುವ ದಾರಿ ಬಹುತೇಕ ಇರಲಿಲ್ಲ. ಹಾಗಾಗಿ ಅವರು ಹಣಕಾಸು ಇಲಾಖೆಯ ಪರೀಕ್ಷೆ ಬರೆದರು, ಮೊದಲ ಸ್ಥಾನ ಪಡೆದರು. 1907ರಲ್ಲಿ ಲೋಕಸುಂದರಿ ಅವರನ್ನು ಮದುವೆಯಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತಕ್ಕೆ ಹೊರಟರು.

ಹಗಲು ಲೆಕ್ಕ, ಬೆಳಿಗ್ಗೆ ಸಂಜೆ ಪ್ರಯೋಗ

ಕಲ್ಕತ್ತದ ಬೌಬಜಾರ್ ಬೀದಿಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ಕಚೇರಿಗೆ ಹೋಗುವ ದಾರಿಯಲ್ಲಿ ಅದರ ಫಲಕ ಯುವಕ ರಾಮನ್ ಅವರ ಕಣ್ಣಿಗೆ ಬಿತ್ತು. ಅಂದಿನಿಂದ ಅವರ ದಿನಚರಿಯೇ ಬದಲಾಯಿತು. ಬೆಳಗಿನ ಜಾವ ಪ್ರಯೋಗಾಲಯ, ನಂತರ ಕಚೇರಿ, ಸಂಜೆ ಮತ್ತೆ ಪ್ರಯೋಗಾಲಯ, ತಡರಾತ್ರಿ ಮನೆ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು, ಆದರೂ ಕೆಲಸ ನಿಲ್ಲಲಿಲ್ಲ. ಪಿಟೀಲು, ವೀಣೆ, ಮೃದಂಗ, ತಬಲಾಗಳ ನಾದ ಹೇಗೆ ಹುಟ್ಟುತ್ತದೆ ಎಂದು ಅವರು ಅಳೆದು ನೋಡಿದ್ದು ಈ ವರ್ಷಗಳಲ್ಲೇ.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಅವರನ್ನು ಪಾಲಿತ್ ಪ್ರಾಧ್ಯಾಪಕರಾಗಿ ಕರೆಯಿತು. ಸರ್ಕಾರಿ ಹುದ್ದೆಯಲ್ಲಿ ಸಂಬಳ ಹೆಚ್ಚು, ಭದ್ರತೆ ಹೆಚ್ಚು. ಅವರು ಅದನ್ನು ಬಿಟ್ಟು ಕಡಿಮೆ ಸಂಬಳದ ಪಾಠದ ಕೆಲಸಕ್ಕೆ ಬಂದರು.

ನೀಲಿ ಸಮುದ್ರದಿಂದ ರಾಮನ್ ಪರಿಣಾಮದವರೆಗೆ

1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ರಾಮನ್ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ ಬಂದರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರೇಲಿಯಂಥ ದೊಡ್ಡ ವಿಜ್ಞಾನಿ ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ನಿಕಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ಆ ಪಟ್ಟಕ ಪ್ರತಿಫಲಿತ ಬೆಳಕನ್ನು ತಡೆಯುತ್ತದೆ. ಪ್ರತಿಬಿಂಬ ಹೋದರೂ ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ಹಾಗಾದರೆ ಬಣ್ಣ ಬರುತ್ತಿರುವುದು ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಎಂದು ತೀರ್ಮಾನಿಸಿದರು.

ಅಲ್ಲಿಂದ ಏಳು ವರ್ಷ ಅವರೂ ಅವರ ವಿದ್ಯಾರ್ಥಿಗಳೂ ದ್ರವ, ಅನಿಲ, ಹರಳುಗಳಲ್ಲಿ ಬೆಳಕಿನ ಚದುರುವಿಕೆಯ ಬೆನ್ನು ಹತ್ತಿದರು. 1928ರ ಫೆಬ್ರವರಿ 28ರಂದು ಫಲ ಸಿಕ್ಕಿತು. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಕೆ.ಎಸ್. ಕೃಷ್ಣನ್. ಉಪಕರಣಗಳ ಒಟ್ಟು ಬೆಲೆ ಕೆಲವು ನೂರು ರೂಪಾಯಿಗಳಷ್ಟೇ.

ಅವರು ಕಂಡದ್ದೇನು? ಕೇರಂ ಆಟವನ್ನು ನೆನೆಸಿಕೊಳ್ಳಿ. ಸ್ಟ್ರೈಕರ್ ಪಾನಿಗೆ ಬಡಿದಾಗ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅದಕ್ಕೆ ಕೊಟ್ಟು ತಾನು ನಿಧಾನವಾಗುತ್ತದೆ. ಒಂದೇ ಬಣ್ಣದ ಬೆಳಕು ಅಣುಗಳ ಮೇಲೆ ಬಿದ್ದಾಗಲೂ ಹೆಚ್ಚಿನ ಬೆಳಕು ಅದೇ ಬಣ್ಣದಲ್ಲಿ ಚದುರಿ ಹೋಗುತ್ತದೆ. ಆದರೆ ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಕಣ ಮಾತ್ರ ಅಣುವನ್ನು ಕಂಪಿಸುವಂತೆ ಮಾಡಿ, ಅಷ್ಟು ಶಕ್ತಿ ಕಳೆದುಕೊಂಡು, ಬಣ್ಣ ಬದಲಿಸಿ ಹೊರಬರುತ್ತದೆ. ಎಷ್ಟು ಬದಲಾಯಿತು ಎಂಬುದು ಆ ಅಣು ಹೇಗೆ ಕಂಪಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಪ್ರತಿ ಅಣುವಿನ ಕಂಪನ ಬೇರೆ. ಆದ್ದರಿಂದ ಬದಲಾದ ಬೆಳಕಿನ ರೋಹಿತ ಅಣುವಿನ ಬೆರಳಚ್ಚು ಇದ್ದ ಹಾಗೆ. ವಸ್ತುವನ್ನು ಮುಟ್ಟದೆ, ಕತ್ತರಿಸದೆ, ಬೆಳಕು ಚೆಲ್ಲಿ ಅದು ಯಾವುದೆಂದು ಹೇಳಬಹುದು. ಇದೇ ರಾಮನ್ ಪರಿಣಾಮ. 1930ರಲ್ಲಿ ಇದಕ್ಕೆ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನದಲ್ಲಿ ಆ ಪ್ರಶಸ್ತಿ ಪಡೆದ ಏಷ್ಯಾದ ಮೊದಲಿಗರು ಅವರು.

ಬೆಂಗಳೂರಿಗೆ ಬಂದರು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಅಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಲು ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಜಾಗ ಕೊಟ್ಟಿತು. ಆಗ ನಮ್ಮ ಮೈಸೂರಿನ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

ಬೆಂಗಳೂರಿನ ಮೊದಲ ವರ್ಷಗಳಲ್ಲಿ ರಾಮನ್ ಕೈಗೆತ್ತಿಕೊಂಡ ವಸ್ತುಗಳನ್ನು ನೋಡಿದರೆ ಯಾರಾದರೂ ಮಕ್ಕಳಾಟ ಎಂದಾರು. ಹಕ್ಕಿಯ ಗರಿ ಮತ್ತು ಸಮುದ್ರದ ಚಿಪ್ಪು! ಇಂದು ನಮ್ಮ ರಾಜ್ಯಪಕ್ಷಿಯಾಗಿರುವ ನೀಲಕಂಠದ ಗರಿಗಳಿಗೆ ಆ ಹೊಳೆಯುವ ನೀಲಿ ಎಲ್ಲಿಂದ ಬರುತ್ತದೆ ಎಂದು 1934ರಲ್ಲಿ ಪರಿಶೀಲಿಸಿದರು. ಅದೇ ಸಮಯದಲ್ಲಿ ಕಾಮನಬಿಲ್ಲಿನಂತೆ ಮಿನುಗುವ ಚಿಪ್ಪುಗಳ ಒಳಮೈ ಬಗ್ಗೆ ಸಾಲು ಲೇಖನಗಳನ್ನು ಬರೆದರು.

ಮುತ್ತಿನ ಚಿಪ್ಪಿನ ಒಳಮೈಯಲ್ಲಿ ಯಾವ ಬಣ್ಣವನ್ನೂ ಬಳಿದಿಲ್ಲ. ಅಲ್ಲಿರುವುದು ಪದರಗಳು. ಸುಣ್ಣದಕಲ್ಲಿನ ಜಾತಿಗೆ ಸೇರಿದ ಖನಿಜದ ತೆಳು ಹಲಗೆಗಳು ಒಂದರ ಮೇಲೊಂದು ಜೋಡಿಸಿಕೊಂಡಿವೆ. ಒಂದೊಂದರ ದಪ್ಪ ಸುಮಾರು ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗ. ಅವುಗಳ ನಡುವೆ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪದ ಜೈವಿಕ ಪೊರೆ. ಮನೆಯಲ್ಲಿ ಮಾಡುವ ಲಚ್ಚಾ ಪರಾಠದ ಪದರಗಳ ಹಾಗೆ, ಆದರೆ ಅದಕ್ಕಿಂತ ಸಾವಿರಾರು ಪಾಲು ತೆಳು. ಪ್ರತಿ ಪದರದಿಂದ ಮರಳುವ ಬೆಳಕಿನ ಅಲೆಗಳು ಒಂದಕ್ಕೊಂದು ಸೇರಿ ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಅಳಿಯುತ್ತವೆ. ಇದು ನೀವು ಪಾಠದಲ್ಲಿ ಓದುವ ವ್ಯತಿಕರಣವೇ. ಬಣ್ಣವನ್ನು ಅಳೆದರೆ ಪದರದ ದಪ್ಪ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಪದರಗಳನ್ನು ಬೆಳಕಿನಿಂದ ಓದುವುದನ್ನು ರಾಮನ್ ಚಿಪ್ಪಿನಲ್ಲಿ ಮಾಡಿ ತೋರಿಸಿದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮುಚ್ಚಿದ ಬಾಗಿಲು

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ರಾಮನ್ ನಿರ್ದೇಶಕರಾದ 1933ರಲ್ಲೇ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಪದವಿಯಲ್ಲಿ ಅವರದು ಮೊದಲ ಸ್ಥಾನ. ಆದರೂ ಹೆಣ್ಣು ಎಂಬ ಒಂದೇ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಮನೆಗೆ ಹೋಗಿ ಅಳುತ್ತಾ ಕೂರಲಿಲ್ಲ. ನೇರ ಬೆಂಗಳೂರಿಗೆ ಬಂದು ಕಾರಣ ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಷರತ್ತುಗಳ ಮೇಲೆ ಸೇರಿಸಿಕೊಂಡರು. ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿಯೆಂಬ ಮಾನ್ಯತೆಯೇ ಇಲ್ಲ, ಕೆಲಸ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಬಹುದು. ಗಂಡು ಹುಡುಗರಿಗೆ ಇಂಥ ಯಾವ ಷರತ್ತೂ ಇರಲಿಲ್ಲ.

ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ದುಡಿದರು. ವರ್ಷ ಕಳೆದಾಗ ರಾಮನ್ ಅವರೇ ಮೆಚ್ಚಿಕೊಂಡರು. ಅಲ್ಲಿಂದ ಮುಂದೆ ಆ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ ಅವರು ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದ ಅವರು ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಭಾರತದ ಮೊದಲ ಮಹಿಳೆಯೆಂದು ಗುರುತಿಸಲ್ಪಟ್ಟಿದ್ದಾರೆ. ಬಾಗಿಲಲ್ಲೇ ನಿಲ್ಲಿಸಿದ ಆ ದಿನದ ನೋವನ್ನು ಮಾತ್ರ ಅವರು ದಶಕಗಳ ನಂತರವೂ ಮರೆಯಲಿಲ್ಲ.

1940ರಲ್ಲಿ ಅಣ್ಣಾ ಮಣಿ ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಎಂದು ಗಂಟೆಗಟ್ಟಲೆ ಕೂತು ರೋಹಿತಗಳನ್ನು ದಾಖಲಿಸಿದರು. ಪ್ರಬಂಧ ಸಿದ್ಧವಾದರೂ, ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಮುಂದೆ ಅವರು ಭಾರತದ ಹವಾಮಾನ ಉಪಕರಣಗಳ ದೊಡ್ಡ ತಜ್ಞೆಯಾದರು.

ರಾಮನ್ ದೊಡ್ಡ ವಿಜ್ಞಾನಿ ಎಂಬುದಕ್ಕಾಗಿ ಇದನ್ನು ಮುಚ್ಚಿಡುವುದು ಸರಿಯಲ್ಲ. ಇದೊಂದಕ್ಕಾಗಿ ಅವರ ವಿಜ್ಞಾನವನ್ನು ತಳ್ಳಿಹಾಕುವುದೂ ಸರಿಯಲ್ಲ. ಬೆಳಕಿನ ವಿಷಯದಲ್ಲಿ ದೊಡ್ಡವರು ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪದವರು, ಹೆಣ್ಣುಮಕ್ಕಳ ವಿಷಯದಲ್ಲಿ ಕಾಲದ ಅಭಿಪ್ರಾಯವನ್ನು ಪರೀಕ್ಷಿಸದೆ ಒಪ್ಪಿದರು. ಆ ಪರೀಕ್ಷೆಯನ್ನು ಮಾಡಿ ತೋರಿಸಿದವರು ಕಮಲಾ.

ಕೊನೆಯ ವರ್ಷಗಳು

ಸಂಸ್ಥೆಯ ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟರು. ಆದರೆ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ಉಳಿದರು. ನಿವೃತ್ತಿಯಾದಾಗ ವಿಶ್ರಾಂತಿಯ ಮಾತೇ ಇಲ್ಲ. ಊರೂರು ತಿರುಗಿ ದೇಣಿಗೆ ಸಂಗ್ರಹಿಸಿ, ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಆರಂಭಿಸಿದರು. ನಮ್ಮ ಮೈಸೂರಿನ ಹಾಗೆ ಬೆಂಗಳೂರಿನಲ್ಲೂ ಒಂದು ಹೆಬ್ಬಾಳವಿದೆ. ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆ ಬಂದರೆ ಮೇಖ್ರಿ ವೃತ್ತದ ಬಳಿ ಈ ಸಂಸ್ಥೆ ಇದೆ. ಅಲ್ಲಿ ಅವರು ಕೂಡಿಟ್ಟ ಖನಿಜ, ರತ್ನ, ಹರಳುಗಳ ಸಂಗ್ರಹವೂ ಇದೆ.

1954ರಲ್ಲಿ ಅವರಿಗೆ ಭಾರತರತ್ನ ಬಂತು. ವಯಸ್ಸಾದ ಮೇಲೂ ಹೂವಿನ ಬಣ್ಣ, ಮನುಷ್ಯನ ಕಣ್ಣು ಬಣ್ಣವನ್ನು ಗ್ರಹಿಸುವ ರೀತಿ, ಮುತ್ತು, ಹೊಳೆಯುವ ಕಲ್ಲುಗಳು ಎಲ್ಲದರ ಮೇಲೂ ಕೆಲಸ ಮಾಡಿದರು. ಶಾಲಾ ಮಕ್ಕಳು ಬಂದರೆ ತಾವೇ ನಿಂತು ತೋರಿಸುತ್ತಿದ್ದರು. 1970ರ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸದಲ್ಲಿ ಕಿವಿ ಶಬ್ದವನ್ನು ಗ್ರಹಿಸುವ ಬಗೆಯನ್ನು ವಿವರಿಸಿದರು. ಅದೇ ಅವರ ಕೊನೆಯ ಭಾಷಣ. 1970ರ ನವೆಂಬರ್ 21ರಂದು ತೀರಿಕೊಂಡರು. ಬೆಂಗಳೂರಿನಲ್ಲಿ 37 ವರ್ಷ ಕಳೆದಿದ್ದ ಅವರ ಅಂತ್ಯಕ್ರಿಯೆ ಸಂಸ್ಥೆಯ ತೋಟದಲ್ಲೇ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಚಿಪ್ಪಿನಿಂದ ಔಷಧಿಯ ಪದರಕ್ಕೆ

ಇನ್ನು ನಾವು ಆರಂಭದಲ್ಲಿ ಕೇಳಿದ ಪ್ರಶ್ನೆ. ಇದರಿಂದ ಉಪಕಾರವೇನು?

ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಕೂಡ ಪದರಗಳ ರಾಶಿಯೇ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂಗಾಲದ ಸುಮಾರು 30 ಲಕ್ಷ ಪದರಗಳಿರುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರು ಸಾಧಾರಣ ಅಂಟುಪಟ್ಟಿ ಬಳಸಿ ಒಂದೇ ಪದರವನ್ನು ಬಿಡಿಸಿದರು. 2004ರಲ್ಲಿ ಅದು ಪ್ರಕಟವಾಯಿತು, 2010ರಲ್ಲಿ ನೊಬೆಲ್ ಬಂತು. ಆ ಒಂಟಿ ಪದರದ ಹೆಸರು ಗ್ರಾಫೀನ್. ಅದರ ದಪ್ಪ ಒಂದೇ ಒಂದು ಪರಮಾಣು. ಲೆಕ್ಕದ ಪ್ರಕಾರ ಒಂದು ಗ್ರಾಂ ಗ್ರಾಫೀನಿನ ಎರಡೂ ಬದಿ ಸೇರಿಸಿದರೆ ಸುಮಾರು 2,600 ಚದರ ಮೀಟರ್, ನಮ್ಮ ಅಳತೆಯಲ್ಲಿ 26 ಗುಂಟೆ ಜಮೀನು!

ಇಷ್ಟು ವಿಶಾಲ ಜಾಗವಿದ್ದರೆ ಅದರ ಮೇಲೆ ಔಷಧಿಯನ್ನು ಹೊರಿಸಬಹುದಲ್ಲವೇ? 2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ, ನೀರಿನಲ್ಲಿ ಕರಗದ ಕ್ಯಾನ್ಸರ್ ಔಷಧಿಯೊಂದನ್ನು ಗ್ರಾಫೀನ್ ಆಕ್ಸೈಡಿನ ನ್ಯಾನೊ ಹಾಳೆಗಳಿಗೆ ಅಂಟಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳಿಗೆ ತಲುಪಿಸಿತು. ಇನ್ನೊಂದು ಬಗೆಯ ಪದರಗಳು ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡುಗಳವು. ಇವೇ ಜಾತಿಯ ಹೈಡ್ರೊಟಾಲ್ಸೈಟ್ ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿಯಾಗಿ ಬಳಕೆಯಲ್ಲಿದೆ. ಈ ಪದರಗಳ ಮೇಲೆ ಧನ ಆವೇಶವಿರುತ್ತದೆ. ಋಣ ಆವೇಶದ ಔಷಧಿಯ ಅಣುಗಳು ಎರಡು ಪದರಗಳ ನಡುವೆ ಬಂದು ಕೂರುತ್ತವೆ. ಆಮ್ಲೀಯ ವಾತಾವರಣದಲ್ಲಿ ಪದರ ಮೆಲ್ಲಗೆ ಕರಗಿ ಔಷಧಿ ಹೊರಬರುತ್ತದೆ. ಕ್ಯಾನ್ಸರ್ ಗೆಡ್ಡೆಯ ಸುತ್ತ ಸಾಮಾನ್ಯವಾಗಿ ಆಮ್ಲೀಯತೆ ಸ್ವಲ್ಪ ಹೆಚ್ಚು. ಹಾಗಾಗಿ ಔಷಧಿ ಇಡೀ ದೇಹಕ್ಕೆ ಹರಡುವ ಬದಲು ಬೇಕಾದಲ್ಲೇ ಬಿಡುಗಡೆಯಾಗುವಂತೆ ಮಾಡಬಹುದು ಎಂಬುದು ಸಂಶೋಧಕರ ಆಶಯ.

ಆದರೆ ಕೈಗೆ ಸಿಕ್ಕಿರುವುದು ಒಂದೇ ಪದರವೋ, ಹತ್ತು ಪದರವೋ? ಔಷಧಿಯ ಅಣು ಅದರ ಮೇಲೆ ಕೂತಿದೆಯೇ, ಜಾರಿಹೋಗಿದೆಯೇ? ಕಣ್ಣಿಗೆ ಕಾಣದ ಇದನ್ನು ತಿಳಿಯುವುದು ಹೇಗೆ? ರಾಮನ್ ಕಂಡ ಬೆಳಕಿನಿಂದಲೇ. ಗ್ರಾಫೀನಿನ ರಾಮನ್ ರೋಹಿತದಲ್ಲಿ ಎದ್ದು ಕಾಣುವ ಶಿಖರಗಳ ಆಕಾರ ಒಂದು ಪದರಕ್ಕೆ ಒಂದು ರೀತಿ, ಎರಡು ಪದರಕ್ಕೆ ಇನ್ನೊಂದು ರೀತಿ. ಹಾಳೆಯಲ್ಲಿ ದೋಷವಿದ್ದರೆ ಅದಕ್ಕೂ ಬೇರೆ ಗುರುತು. ಜಗತ್ತಿನ ಯಾವ ಪ್ರಯೋಗಾಲಯಕ್ಕೆ ಹೋದರೂ ಗ್ರಾಫೀನ್ ಪರೀಕ್ಷೆ ಎಂದರೆ ಮೊದಲು ನೆನಪಾಗುವುದು ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಮನ್ ಕಟ್ಟಿದ ಭೌತಶಾಸ್ತ್ರ ವಿಭಾಗದಲ್ಲೇ, ಪ್ರೊ. ಎ.ಕೆ. ಸೂದ್ ಅವರ ತಂಡ ಗ್ರಾಫೀನ್ ಮೇಲೆ ಇಂಥ ಮಹತ್ವದ ಕೆಲಸ ಮಾಡಿದೆ. ಮೈಸೂರು ವಿಶ್ವವಿದ್ಯಾಲಯದ ಪದವೀಧರರಾದ ಪ್ರೊ. ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲಿ ಗ್ರಾಫೀನ್ ಮತ್ತು ಅದರಂಥ ಪದರ ವಸ್ತುಗಳ ಅಧ್ಯಯನವನ್ನು ಬೆಳೆಸಿದ್ದಾರೆ.

ರೋಗ ಪತ್ತೆಯಲ್ಲೂ ಇದೇ ಬೆಳಕು ಕೆಲಸಕ್ಕೆ ಬಂದಿದೆ. ರಾಮನ್ ಬೆಳಕು ಬಲು ಕ್ಷೀಣ. 1974ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಒರಟು ಬೆಳ್ಳಿಯ ಮೇಲ್ಮೈಗೆ ಅಂಟಿದ ಅಣುಗಳಿಂದ ಅದು ಪ್ರಬಲವಾಗಿ ಬರುವುದನ್ನು ಕಂಡರು. ಈಗ ಚಿನ್ನ, ಬೆಳ್ಳಿಯ ನ್ಯಾನೊ ಕಣಗಳನ್ನೂ ಗ್ರಾಫೀನನ್ನೂ ಬಳಸಿ, ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ರೋಗಸೂಚಕ ಅಣುಗಳನ್ನು ಹಿಡಿಯಲು ಪ್ರಯತ್ನಗಳು ನಡೆದಿವೆ. ಆರೋಗ್ಯವಂತ ಅಂಗಾಂಶ ಮತ್ತು ಕ್ಯಾನ್ಸರ್ ಅಂಗಾಂಶದ ಬೆರಳಚ್ಚು ಬೇರೆಯಾದ್ದರಿಂದ, ಶಸ್ತ್ರಚಿಕಿತ್ಸೆಯ ಸಮಯದಲ್ಲೇ ಗಡಿ ಗುರುತಿಸಲು ಇದನ್ನು ಬಳಸಿ ನೋಡುತ್ತಿದ್ದಾರೆ. ಆದರೆ ನಾಳೆಯೇ ಔಷಧಿ ಅಂಗಡಿಯಲ್ಲಿ ಗ್ರಾಫೀನ್ ಮಾತ್ರೆ ಸಿಗುತ್ತದೆ ಎಂದು ತಿಳಿಯಬೇಡಿ. ಈ ಹಾಳೆಗಳು ಕೆಲಸ ಮುಗಿದ ಮೇಲೆ ದೇಹದಿಂದ ಹೇಗೆ ಹೊರಹೋಗುತ್ತವೆ, ಶ್ವಾಸಕೋಶ ಅಥವಾ ಯಕೃತ್ತಿಗೆ ಹಾನಿ ಮಾಡುತ್ತವೆಯೇ ಎಂಬ ಪ್ರಶ್ನೆಗಳು ಇನ್ನೂ ಬಾಕಿ ಇವೆ. ಕೆಲಸದ ಬಹುಪಾಲು ಪ್ರಯೋಗಾಲಯದಲ್ಲೇ ಇದೆ. ಅಂದರೆ ನಿಮ್ಮ ಪಾಲಿಗೂ ಕೆಲಸ ಉಳಿದಿದೆ.

ನಮಗೆ ಸಿಗುವ ಪಾಠ

ಚಿಪ್ಪನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಾಗ ರಾಮನ್ ಅವರಿಗೆ ಗ್ರಾಫೀನ್ ಗೊತ್ತಿರಲಿಲ್ಲ. ಇದರಿಂದ ಲಾಭವೇನು ಎಂದು ಮೊದಲೇ ಲೆಕ್ಕ ಹಾಕಿದ್ದರೆ ಅವರು ಆ ಚಿಪ್ಪನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ. ಹೀಗೆ, ಒಂದು ಪ್ರಶ್ನೆಯಿಂದ ಏನು ಉಪಯೋಗ ಎಂದು ಕೇಳಿ ಅದನ್ನು ಆರಂಭದಲ್ಲೇ ಚಿವುಟಬಾರದು ಎಂಬ ಪಾಠವನ್ನು ಅವರ ಬದುಕು ಕಲಿಸುತ್ತದೆ. ಪ್ರಶ್ನೆ ಕೇಳುವವರು ಯಾರು ಎಂದು ನೋಡಿ ಬಾಗಿಲು ಮುಚ್ಚಬಾರದು ಎಂಬ ಇನ್ನೊಂದು ಪಾಠವನ್ನು ಅವರು ಕಮಲಾ ಅವರಿಂದ ಕಲಿಯಬೇಕಾಯಿತು. ನಾವು ಎರಡನ್ನೂ ಕಲಿಯಬೇಕು.

ಪಿಸಿಎಂಬಿ ತೆಗೆದುಕೊಂಡವರೆಲ್ಲ ಡಾಕ್ಟರೇ ಆಗಬೇಕು ಎಂದೇನಿಲ್ಲ. ಡಾಕ್ಟರ ಕೈಗೆ ಹೊಸ ಔಷಧಿಯನ್ನೂ ಹೊಸ ಪರೀಕ್ಷೆಯನ್ನೂ ಕೊಡುವವರು ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರೂ ಆಗಿರುತ್ತಾರೆ. ನೀಟ್‌ನಲ್ಲಿ ಸೀಟು ಸಿಗದಿದ್ದರೆ ವಿಜ್ಞಾನದ ದಾರಿಯೇ ಮುಗಿಯಿತು ಎಂದು ಕೊರಗುವ ಗೆಳೆಯರಿಗೆ, ಇಷ್ಟು ಓದಿದ್ದು ಸಾಕು ಎಂದು ಮನೆಯಲ್ಲಿ ಮಾತು ಕೇಳುತ್ತಿರುವ ಗೆಳತಿಯರಿಗೆ ಇದನ್ನು ಓದಿ ಹೇಳಿ.

ಮುಂದಿನ ಬಾರಿ ನವಿಲುಗರಿಯನ್ನೋ, ಸೋಪಿನ ಗುಳ್ಳೆಯನ್ನೋ, ಮುತ್ತಿನ ಚಿಪ್ಪನ್ನೋ ಕಂಡಾಗ ಸ್ವಲ್ಪ ಹೊತ್ತು ನಿಲ್ಲಿ. ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ಬಣ್ಣ ಏಕೆ ಬದಲಾಯಿತು ಎಂದು ನಾಳೆ ಲ್ಯಾಬ್‌ನಲ್ಲಿ ನಿಮ್ಮ ಉಪನ್ಯಾಸಕರನ್ನು ಕೇಳಿ.